ಅಮ್ಮ ಬೈದದ್ದು ಊರಿಡೀ ಕೇಳಿತು

ನನ್ನ ಅಮ್ಮ ಇಪ್ಪತ್ತೈದು ವರ್ಷ ಮಣಿಪಾಲದಲ್ಲಿ ಮನೆಮನೆಗೆ ಹೋಗಿ ಮೀನು ಮಾರಿದವಳು. ಆ ವ್ಯಾಪಾರವನ್ನು ಮುಗಿಸಿದವಳು ನಾನು. ಒಳ್ಳೆಯದು ಮಾಡಲು ಹೋಗಿ ಹಾಗಾಯಿತು ಎಂದು ಬೇಕಾದರೆ ಹೇಳಬಹುದು; ಅದರಿಂದ ನನ್ನ ತಪ್ಪೇನೂ ಕಡಿಮೆಯಾಗುವುದಿಲ್ಲ.

ಬೆಳಿಗ್ಗೆ ಎರ್ಮಾಳಿನಿಂದ ಹೊರಟು, ಮಲ್ಪೆ ಬಂದರಿನ ದಕ್ಕೆಯಲ್ಲಿ ಮೀನು ಕೊಂಡು, ಬೇರೆ ಮೀನಿನ ಹೆಂಗಸರ ಜೊತೆ ಟೆಂಪೋ ಹತ್ತಿ ಮಣಿಪಾಲ ಮುಟ್ಟುತ್ತಿದ್ದಳು. ಅವಳ ಬಂಡವಾಳ ಅರ್ಧ ಮೀನು, ಅರ್ಧ ಬಾಯಿ. "ಇದು ನಿನ್ನೆಯದ್ದಾ?" ಎಂದು ಯಾರಾದರೂ ಕೇಳಿದರೆ ಮುಗಿಯಿತು, ಬಂಗುಡೆಯ ಕಿವಿರು ಬಿಡಿಸಿ ಅವರ ಮೂಗಿನೆದುರು ಹಿಡಿದು ಬೈಯುತ್ತಿದ್ದಳು. ಅವರೂ ಸುಮ್ಮನಿರುತ್ತಿರಲಿಲ್ಲ. ಜಗಳ ಮುಗಿಯುವಾಗ ಇಬ್ಬರಿಗೂ ನಗು. ಅಮ್ಮ ಎರಡು ಬಂಗುಡೆ ಹೆಚ್ಚು ಹಾಕುತ್ತಿದ್ದಳು, ಅವರು ಬುಟ್ಟಿ ಎತ್ತಿ ತಲೆಗಿಡಲು ಕೈ ಕೊಡುತ್ತಿದ್ದರು.

ಆಮೇಲೆ ಅವಳ ಮೊಣಕಾಲು ಕೈಕೊಟ್ಟಿತು. ನಾನು ಆಗಷ್ಟೇ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸ್ ಮುಗಿಸಿ, ಉಡುಪಿಯ ಒಂದು ಆಫೀಸಿಗೆ ಸೇರಿದ್ದೆ. ಲೋಕವನ್ನೇ ಗೆಲ್ಲುವ ಅಹಂಕಾರ. ಅಮ್ಮನ ಗಿರಾಕಿಗಳನ್ನೆಲ್ಲ ವಾಟ್ಸಾಪ್ ಗ್ರೂಪಿಗೆ ಸೇರಿಸಿದೆ, ಇನ್‌ಸ್ಟಾಗ್ರಾಮಿನಲ್ಲಿ ಪೇಜ್ ಮಾಡಿದೆ. ಬಾಳೆಲೆಯ ಮೇಲೆ ಅಂಜಲ್ ಮೀನು ಮಲಗಿಸಿ ಫೋಟೋ ಹಾಕಿದೆ. ಆರ್ಡರ್ ಬಂತು. ಅಮ್ಮ ರಿಕ್ಷಾದಲ್ಲಿ ಹೋಗಿ, ಫ್ಲ್ಯಾಟಿನ ಗೇಟಿನಲ್ಲಿ ವಾಚ್‌ಮನ್ ಕೈಗೆ ಚೀಲ ಕೊಟ್ಟು ಬರತೊಡಗಿದಳು.

"ಮುಖ ನೋಡದೆ ಮಾರುವುದು ಎಂತ ವ್ಯಾಪಾರ ಮಾರಾಯ್ತಿ?" ಎಂದಳು. ಬೇಜಾರು ಕಳೆಯಲಿ ಎಂದು ವಾಯ್ಸ್ ಮೆಸೇಜ್ ಕಳಿಸಲು ಕಲಿಸಿದೆ. ಕಲಿಸಿದ ಈ ಬೆರಳು ಮುರಿದುಹೋಗಬಾರದಿತ್ತೇ ಎಂದು ಈಗ ಅನ್ನಿಸುತ್ತದೆ.

ಒಂದು ದಿನ ಹಳೆಯ ಗಿರಾಕಿಯೊಬ್ಬರು ಗ್ರೂಪಿನಲ್ಲೇ, "ಇವತ್ತಿನ ಬಂಗುಡೆ ವಾಸನೆ ಬರ್ತಾ ಉಂಟು" ಎಂದು ವಾಯ್ಸ್ ಹಾಕಿದರು. ಅಮ್ಮ ಅವರ ಬಾಗಿಲಲ್ಲಿ ನಿಂತ ಹಾಗೆಯೇ ಉತ್ತರ ಕೊಟ್ಟಳು: "ನಿಮಗೆ ಮೀನು ಗೊತ್ತುಂಟಾ? ಬೆಳಿಗ್ಗೆ ಬೋಟಿನಿಂದ ಇಳಿದ ಬಂಗುಡೆ ಅದು! ವಾಸನೆ ಬರುವುದಾದರೆ ನಿಮ್ಮ ಫ್ರಿಜ್ ತೊಳೆಯಿರಿ, ಮೀನನ್ನಲ್ಲ!" ಬಾಗಿಲಲ್ಲಾಗಿದ್ದರೆ ಹಿಂದೆಯೇ ನಗು ಬರುತ್ತಿತ್ತು, ಎರಡು ಮೀನು ಹೆಚ್ಚು ಬೀಳುತ್ತಿತ್ತು. ಫೋನಿನಲ್ಲಿ ಹೋದದ್ದು ಬೈಗುಳ ಮಾತ್ರ.

ಆ ಗಿರಾಕಿ ಗ್ರೂಪ್ ಬಿಟ್ಟರು. ಅವರ ಹಿಂದೆ ಉಳಿದವರು ಒಬ್ಬೊಬ್ಬರಾಗಿ ಬಿಟ್ಟರು. ಯಾರೋ ಆ ವಾಯ್ಸನ್ನು ಹೊರಗೆ ಕಳಿಸಿದರು, ಇನ್ಯಾರೋ ಅದಕ್ಕೆ ಡೋಲಿನ ಸದ್ದು ಸೇರಿಸಿ ರೀಲ್ ಮಾಡಿದರು. ಕಾಪುವಿನಿಂದ ಕಾರ್ಕಳದವರೆಗೆ ಎಲ್ಲರ ಫೋನಿನಲ್ಲೂ ಅಮ್ಮ ಬೈಯುತ್ತಿದ್ದಳು. ನನ್ನ ಪಕ್ಕದ ಮೇಜಿನವಳು ಅದನ್ನು ನನಗೇ ಕೇಳಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಅದು ನನ್ನ ಅಮ್ಮ ಎಂದು ಹೇಳಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಕೋರ್ಸಿನಲ್ಲಿ ಕಲಿಸಿದ 'ರೀಚ್' ಎಂದರೆ ಇದೇ ಇರಬೇಕು. ನಮ್ಮ ಪೇಜಿಗೆ ದುಬಾಯಿಯಿಂದಲೂ ಜನ ಬಂದು ನಕ್ಕು ಹೋದರು. ಮೀನು ಬೇಕೆಂದವರು ಮಾತ್ರ ಯಾರೂ ಇಲ್ಲ.

ಬೇರೆ ದಾರಿ ಕಾಣದೆ ಅಮ್ಮ ಅದೇ ಮೊಣಕಾಲು ನೋವಿನಲ್ಲಿ ಪುನಃ ಬುಟ್ಟಿ ಹೊತ್ತಳು. ಒಂದು ದಿನ ರಜೆ ಹಾಕಿ ನಾನೂ ಜೊತೆಗೆ ಹೋದೆ. ಬಾಗಿಲು ತೆರೆದವರಿಗೆಲ್ಲ ಅವಳು ಮೆಲ್ಲಗೆ ರೇಟು ಹೇಳಿ ಸುಮ್ಮನೆ ನಿಲ್ಲುತ್ತಿದ್ದಳು. ತಪ್ಪು ಮಾಡಿದ ಮಕ್ಕಳು ಟೀಚರ್ ಎದುರು ನಿಲ್ಲುತ್ತಾರಲ್ಲ, ಹಾಗೆ. "ಇವತ್ತು ಬೇಡ" ಎಂದರೆ ಸರಿ ಎಂದು ತಿರುಗುತ್ತಿದ್ದಳು. ಇವಳು ನನ್ನ ಅಮ್ಮನೇ ಹೌದಾ ಎಂದು ನನಗೆ ಹೆದರಿಕೆಯಾಯಿತು.

ನಾವು ಮೆಟ್ಟಿಲಿಳಿದು ರಸ್ತೆಗೆ ಬಂದಾಗ ಇಬ್ಬರು ಕಾಲೇಜು ಹುಡುಗಿಯರು ಅವಳನ್ನು ಗುರುತಿಸಿ ಫೋನ್ ಎತ್ತಿದರು. "ಆಂಟಿ, ಆ ಫ್ರಿಜ್ ಡೈಲಾಗ್ ಒಂದ್ಸಲ ಹೇಳಿ ಪ್ಲೀಸ್."

ನಾನು ರೇಗುವ ಮೊದಲೇ ಅಮ್ಮ ಕೇಳಿದಳು: "ಹೇಳಿದರೆ ಮೀನು ತಕೊಳ್ತೀರಾ?"

"ನಾವು ಹಾಸ್ಟೆಲ್‌ನವರು ಆಂಟಿ. ಆದರೆ ವಿಡಿಯೋ ಹಾಕ್ತೇವೆ, ನೋಡಿದವರು ತಗೋಬಹುದು."

ಅಮ್ಮ ಬುಟ್ಟಿ ಇಳಿಸಿ, ಸೆರಗು ಸರಿಮಾಡಿಕೊಂಡು, ಒಂದಕ್ಷರ ಬಿಡದೆ ಹೇಳಿದಳು. ಹುಡುಗಿಯರಿಗೆ ಸಾಕಾಗಲಿಲ್ಲ. "ಸ್ವಲ್ಪ ಸಿಟ್ಟಿನಿಂದ ಹೇಳಿ ಆಂಟಿ."

ಅಮ್ಮ ಇನ್ನೊಮ್ಮೆ ಹೇಳಿದಳು, ಮತ್ತೂ ಒಮ್ಮೆ ಹೇಳಿದಳು. ಅವಳಿಗೆ ಸಿಟ್ಟು ಬರಲಿಲ್ಲ.