ನೋಡೋಣ ಎನ್ನುವ ಗುಂಡಿ ಇಲ್ಲ

ನಾನು ಶಾಲೆ ಬಿಟ್ಟದ್ದು ೧೯೯೬ರಲ್ಲಿ, ಎಂಟನೇ ಇಯತ್ತೆಯ ನಡುವೆ. ಅದಾದ ಮೇಲೆ ನನ್ನನ್ನು ಎದುರಿಗೆ ಕೂಡಿಸಿಕೊಂಡು ಪಾಠ ಹೇಳಲು ಬಂದವಳು ಒಬ್ಬಳೇ. ಆಕೆಯ ಕೈಯಲ್ಲಿ ಬೆತ್ತ ಇರಲಿಲ್ಲ, ಗಡ್ಡಕ್ಕೆ ಸೋಪು ಹಚ್ಚುವ ಬ್ರಷ್ ಇತ್ತು. ಮರದ ಹಿಡಿ, ಅರ್ಧ ಕೂದಲು ಉದುರಿದ್ದು. ತೊಗರಿ ಬೇಳೆ ಮಿಲ್ಲಿನಲ್ಲಿ ಹಳದಿ ಧೂಳು ಉಣ್ಣುವ ರೊಟ್ಟಿಯ ಮೇಲೂ ಕೂಡುತ್ತದೆ. ಆಕೆ ದಿನಾ ಬೆಳಗ್ಗೆ ಬಂದು ಕಂಪ್ಯೂಟರಿನ ಕೀಲಿಗಳ ಸಂದಿಯಿಂದ ಆ ಧೂಳನ್ನು ಬ್ರಷ್ಷಿನಿಂದ ಗುಡಿಸುತ್ತಿದ್ದಳು. ಅಷ್ಟು ಹೊತ್ತು ಯಾರೂ ಮಾತಾಡಿಸುವಂತಿಲ್ಲ. ಪೂಜೆಗೆ ಕೂತವರೂ ಹಾಲು ಉಕ್ಕಿತೇನೋ ಎಂದು ಒಮ್ಮೆ ಹೊರಳಿ ನೋಡುತ್ತಾರೆ. ಈಕೆ ನೋಡುತ್ತಿರಲಿಲ್ಲ.

ಮಿಲ್ಲಿನಲ್ಲಿ ಎಲ್ಲರೂ ಆಕೆಯನ್ನು ಸಿಸ್ಟಮ್ ಮೇಡಂ ಎನ್ನುತ್ತಿದ್ದರು. ಬೆನ್ನ ಹಿಂದೆ ಅನ್ನುತ್ತಿದ್ದುದು ಇಲ್ಲಿ ಬರೆಯುವಂಥದ್ದಲ್ಲ. ನನಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂದು ಹೇಳುವವರು ಆಕೆಯ ಕೈಕೆಳಗೆ ಒಂದು ವಾರ ದುಡಿದು ಬರಲಿ.

ಕಲಬುರಗಿಯಿಂದ ಹುಮನಾಬಾದ್ ರಸ್ತೆಗೆ, ಕಪನೂರಿನ ಹತ್ತಿರ ಇದ್ದ ಆ ಮಿಲ್ಲಿಗೆ ನಾನು ಹಮಾಲನಾಗಿ ಸೇರಿದವನು. ಚೀಲ ಹೊತ್ತು ಹೊತ್ತು ಕೊನೆಗೆ ಯಾರ್ಡು ನನ್ನ ಕೈಗೆ ಬಂತು. ಯಾರೂ ಕೊಟ್ಟದ್ದಲ್ಲ, ದುಡಿದು ತೆಗೆದುಕೊಂಡದ್ದು. ಗೇಟು ದಾಟಿದ ಪ್ರತಿ ತೊಗರಿ ಗಾಡಿ ನನ್ನ ಮುಂದೆ ನಿಲ್ಲಬೇಕು. ನಾಲ್ಕು ಕಾಳು ಹಲ್ಲಿಗಿಟ್ಟು ಕಡಿದರೆ ಒಣಗಿದೆಯೋ ಹಸಿ ಇದೆಯೋ ನನಗೆ ಗೊತ್ತಾಗುತ್ತಿತ್ತು. ಮಿಲ್ಲು ನನ್ನ ಜಬಾನಿನ ಮೇಲೆ, ಬಾಯಿಮಾತಿನ ಮೇಲೆ ನಡೆಯುತ್ತಿತ್ತು. ಕಾಗದಪತ್ರ ಏನಿದ್ದರೂ ಆಮೇಲೆ.

ಐದಾರು ವರ್ಷಗಳ ಹಿಂದೆ ಹೊರಗಿನ ದೊಡ್ಡ ಗಿರಾಕಿಗಳು ಒಂದು ಹೊಸ ಮಾತು ತೆಗೆದರು. ಈ ಚೀಲದ ಬೇಳೆ ಯಾವ ಗಾಡಿಯ ತೊಗರಿಯದು, ಅದನ್ನು ಒಳಗೆ ಬಿಟ್ಟವರು ಯಾರು, ತೋರಿಸಿ ಎಂದರು. ಮಿಲ್ಲಿನ ಸಾಹುಕಾರರು ಒಂದು ಕಂಪ್ಯೂಟರ್ ಸಿಸ್ಟಮ್ ಕೊಂಡರು. ಗೇಟು, ತೂಕದ ಕಾಂಟಾ, ಯಾರ್ಡು, ಗೋದಾಮು, ಬಿಲ್ಲು ಎಲ್ಲ ಅದರೊಳಗೆ. ಮೊದಲ ತಿಂಗಳು ನಾವೇ ನಡೆಸಿದೆವು. ಎಲ್ಲರೂ ಸಾಹುಕಾರರ ಹೆಸರಿನಲ್ಲೇ ಒಳಗೆ ಹೋಗುತ್ತಿದ್ದೆವು. ದೊಡ್ಡವರ ಹೆಸರಿನಲ್ಲಿ ಮಾಡಿದರೆ ಒಳ್ಳೆಯದಾಗುತ್ತದೆ, ಯಾಕೆ ಎಂದು ಕೇಳುವವರೂ ಇರುವುದಿಲ್ಲ. ಲೆಕ್ಕ ಬರೆಯುವ ಮುನೀಮರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಮೂಲೆಗೆ ಕುಂಕುಮ ಹಚ್ಚಿ, ಲಕ್ಷ್ಮಿಯ ಫೋಟೊ ಕೆಳಗೆ ಅಂಟಿಸಿದ್ದರು.

ಆಗ ಸಾಹುಕಾರರು ಈಕೆಯನ್ನು ತಂದರು. ಸೋಲಾಪುರದ ಕಾರ್ಖಾನೆಯೊಂದರಲ್ಲಿ ಇದೇ ಕೆಲಸ ಮಾಡಿದ್ದಳಂತೆ. ಶರಣಬಸವೇಶ್ವರ ಗುಡಿಯ ಕಡೆಯಿಂದ ಆಟೋದಲ್ಲಿ ಬರುತ್ತಿದ್ದಳು. ಫೋನಿನಲ್ಲಿ ಅಕ್ಕನ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ. ಎರಡರಲ್ಲೂ ನಗು ಇರಲಿಲ್ಲ. ಬಂದ ದಿನವೇ ಲಕ್ಷ್ಮಿ ಫೋಟೊದ ಕೆಳಗಿನ ಚೀಟಿಯನ್ನು ಉಗುರಿನಿಂದ ಕೆತ್ತಿ ತೆಗೆದಳು.

"ಸಾಹುಕಾರ್ರು ನಿನ್ನೆ ಒಂದ ದಿನದಾಗ ಗೇಟ ಕಾದಾರ, ಕಾಂಟಾ ತೂಗ್ಯಾರ, ಬಿಲ್ ಹೊಡದಾರ. ಅವ್ರು ನಿನ್ನೆ ಊರಾಗ ಇದ್ದಿಲ್ಲ," ಎಂದಳು. "ಇನ್ ಮ್ಯಾಲೆ ಯಾರ ಕೆಲಸ ಅವರ ಹೆಸರಿಲೆ."

"ನಂದು ಮುನೀಮ್ರು ಒತ್ತತಾರ್ರೀ ಮೇಡಂ. ನನ್ನ ಬೆರಳು ದಪ್ಪ ಅವ," ಎಂದೆ.

"ನಿಮ್ಮ ಪಾಲಿನ ಊಟಾನೂ ಮುನೀಮ್ರೇ ಮಾಡ್ತಾರೇನ್ರಿ? ಕೂಡ್ರಿ."

ಬಾಗಿಲಲ್ಲಿ ನಿಂತಿದ್ದ ಹಮಾಲರು ನಕ್ಕರು. ನನ್ನ ಕೈಕೆಳಗಿನ ಜನ ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು. ಕೂತೆ. ಅದನ್ನು ನಾನು ಮರೆತಿಲ್ಲ.

ಯಾರ್ಡಿನವನಿಗೆ ಪರದೆಯ ಮೇಲೆ ಎರಡೇ ಗುಂಡಿ. ಹಸಿರು ಒತ್ತಿದರೆ ಗಾಡಿ ಒಳಗೆ, ಕೆಂಪು ಒತ್ತಿದರೆ ವಾಪಸ್. ಎರಡೂ ಒತ್ತದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ, ಮುಂದಿನ ಯಾವ ಕೆಲಸವೂ ತೆರೆಯುವುದಿಲ್ಲ. ಒಣಗಿದ ಮಾಲಿಗೆ ಹಸಿರು ಒತ್ತುತ್ತಿದ್ದೆ. ಹಸಿ ಮಾಲಿಗೆ ಕೆಂಪು ಒತ್ತಲು ನನ್ನಿಂದ ಆಗುತ್ತಿರಲಿಲ್ಲ. ತಿಳಿಯದೆ ಅಲ್ಲ. ನಮ್ಮ ಕಡೆ ಎದುರಿಗಿರುವ ಮನುಷ್ಯನ ಮಾರಿ ನೋಡಿ ಇಲ್ಲ ಎನ್ನುವ ಪದ್ಧತಿ ಇಲ್ಲ. ನೋಡೋಣ ಎನ್ನುತ್ತೇವೆ. ಹೆಣ್ಣು ಕೇಳಲು ಬಂದವರಿಗೂ ನೋಡೋಣ, ಮನೆ ಬಾಡಿಗೆ ಕೇಳಿದವರಿಗೂ ನೋಡೋಣ. ಎದುರಿನವನು ಒಂದು ಚಹಾ ಕುಡಿದು, ಅರ್ಥ ಮಾಡಿಕೊಂಡು, ಮರ್ಯಾದೆಯಿಂದ ಎದ್ದು ಹೋಗುತ್ತಾನೆ. ಈಗ ಮಾತ್ರ ಗೇಟಿನಲ್ಲಿ ಒಮ್ಮೆ ಬರೆಸಿಕೊಂಡ ಗಾಡಿ, ನಾನು ಒತ್ತುವ ತನಕ ಸಿಸ್ಟಮ್ಮಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಗಾಡಿಗಳ ಸಾಲು ಗೇಟಿನಿಂದ ಹೊರಗೆ ರಸ್ತೆಗೆ ಬಂತು.

ಒಂದು ದಿನ ಆಕೆ ಬಿಸಿಲಿನಲ್ಲಿ ಯಾರ್ಡಿಗೇ ಬಂದಳು. "ಇಷ್ಟು ಗಾಡಿ ಯಾಕ ನಿಂತಾವ್ರಿ?"

"ನೋಡ್ಲಾಕತ್ತೀನ್ರಿ."

"ನೋಡಿದ ಮ್ಯಾಲೆ?"

"ನೋಡೋಣ ಅಂದೀನ್ರಿ."

"ಹೌದು ಅನ್ರಿ, ಇಲ್ಲಾ ಇಲ್ಲ ಅನ್ರಿ. ನೋಡೋಣ ಅನ್ನೂ ಗುಂಡಿ ಇದ್ರಾಗ ಇಲ್ಲ."

ಹಿರಿಯ ಹಮಾಲನೊಬ್ಬ ಟವೆಲ್ಲಿನಿಂದ ಮುಖ ಒರೆಸುತ್ತ, "ಹಂಗಾದ್ರ ಒಂದು ಹಚ್ಚಿಸ್ರಲ್ಲ ಮೇಡಮ್ಮೋರೆ, ಮನ್ಯಾಗೂ ನಮಗ ಕೆಲಸಕ್ಕ ಬರ್ತದ," ಎಂದ. ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ನಾನು ಎಲ್ಲ ಗಾಡಿಗೂ ಒತ್ತಿ ಮುಗಿಸುವ ತನಕ ಪಕ್ಕದಲ್ಲೇ ನಿಂತಳು, ಛತ್ರಿ ಇಲ್ಲದೆ.

ಸುಗ್ಗಿಯಲ್ಲಿ ಕಮಲಾಪುರದಿಂದ ನನ್ನ ಸೋದರಮಾವ ಗಾಡಿ ತಂದ. ಅಪ್ಪ ಸತ್ತ ಮೇಲೆ ನಮ್ಮನ್ನು ಸಾಕಿದವನು ಅವನೇ. ನನ್ನ ಹೆಗಲ ಮೇಲೆ ಮೊದಲ ಚೀಲ ಇಟ್ಟವನೂ ಅವನೇ. ಬರುವಾಗ ಕೆಂಪು ಬಾಳೆಹಣ್ಣಿನ ಗೊನೆಯೊಂದನ್ನು ನನ್ನ ಮಕ್ಕಳಿಗೆಂದು ತಂದಿದ್ದ. ತೊಗರಿ ಕಡಿದು ನೋಡಿದೆ. ಹಸಿ. ತೇವ ಅಳೆಯುವ ಮಷೀನಿಗೆ ಹಾಕಿದರು, ಅದೂ ಹಸಿ ಎಂದಿತು. ನಾನು, "ನೋಡೋಣ ಮಾವ, ಚಹಾ ಕುಡೀ," ಎಂದು ನೆರಳಿಗೆ ಕೂಡಿಸಿದೆ. ಬೆಳಗ್ಗೆ ಬಂದವನು, ಮಧ್ಯಾಹ್ನ ಆದರೂ ಕೂತೇ ಇದ್ದ.

ಆಕೆ ಬಂದಳು. ಅವನ ಎದುರಿಗೇ ಕೇಳಿದಳು. "ನಿಮ್ಮ ಹಲ್ಲೂ ಹಸಿ ಅಂದದ, ಮಷೀನೂ ಹಸಿ ಅಂದದ. ಇನ್ಯಾರನ್ನ ಕೇಳೋರಿದ್ದೀರಿ?"

"ಮೇಡಂ, ಇವ್ರು ನಮ್ಮ ಮಾವಾರ್ರಿ."

"ಮಾವಾರ ಗಾಡಿಗೆ ಬ್ಯಾರೆ ಗುಂಡಿ ಇಲ್ರಿ. ಒತ್ರಿ."

ಕೆಂಪು ಒತ್ತಿದೆ. ಆಕೆ ಮಾವನ ಕಡೆ ತಿರುಗಿ, "ನಾಲ್ಕು ದಿನ ಬಿಸಲಿಗೆ ಹರವಿ ತರ್ರಿ, ತಗೋತೀವಿ. ಇದನ್ನ ಮುಂಜಾನೇನೇ ಹೇಳಿದ್ರ ನೀವು ಇಷ್ಟೊತ್ತಿಗೆ ಊರು ಮುಟ್ಟಿ ಹರವತಿದ್ರಿ. ನಿಮ್ಮನ್ನ ಕೂಡಿಸಿದವ ನಿಮ್ಮ ಅಳಿಯ, ನಾನಲ್ಲ," ಎಂದಳು.

ಮಾವ ಎದ್ದ. ನನ್ನನ್ನೇ ನೋಡಿದ. "ಗುಂಡಿ ಒತ್ತೂದು ಕಲತಿ. ಮಾರಿ ನೋಡೂದು ಮರತಿ," ಎಂದ. ಬಾಳೆಗೊನೆಯನ್ನು ಗಾಡಿಯಿಂದ ಇಳಿಸಲಿಲ್ಲ. ಅವತ್ತಿನಿಂದ ಅವನು ನನ್ನ ಹೊಸ್ತಿಲು ತುಳಿದಿಲ್ಲ. ಆಕೆ ಹೇಳಿದ್ದು ಸುಳ್ಳಲ್ಲ, ಗೊತ್ತು. ನಿಜವನ್ನು ಒಬ್ಬರ ಮಾರಿಗೆ ಹೊಡೆದು ಹೇಳಬೇಕೆಂದು ಯಾವ ಸಿಸ್ಟಮ್ಮಿನಲ್ಲೂ ಬರೆದಿಲ್ಲ, ಅದೂ ಗೊತ್ತು.

ಆಕೆ ಇದ್ದದ್ದೇ ಹಾಗೆ. ಡಬ್ಬಿಯಲ್ಲಿ ಮೊಸರವಲಕ್ಕಿ ತಂದು ಒಬ್ಬಳೇ ತಿನ್ನುತ್ತಿದ್ದಳು. ಬಾ ಎಂದು ಒಬ್ಬರನ್ನೂ ಕರೆಯಲಿಲ್ಲ. ನನ್ನ ಹೆಂಡತಿಗೆ ಆಪರೇಷನ್ ಆದಾಗ ರಜೆ ಕೇಳಲು ಹೋದೆ. ರಜೆಯನ್ನು ಸಿಸ್ಟಮ್ಮಿಗೆ ಹಾಕಿ, "ಆಗ್ಯಾದ, ಹೋಗ್ರಿ" ಎಂದಳು. ಏನಾಗಿದೆ, ಹೇಗಿದ್ದಾಳೆ, ಒಂದು ಮಾತಿಲ್ಲ. ಅಮಾವಾಸ್ಯೆಗೆ ಎಲ್ಲ ಯಂತ್ರಕ್ಕೂ ಕಾಯಿ ಒಡೆದು ಕುಂಕುಮ ಹಚ್ಚಿದರೆ, ಕಂಪ್ಯೂಟರಿನ ಹತ್ತಿರ ಮಾತ್ರ ಕೈ ಅಡ್ಡ ಹಿಡಿಯುತ್ತಿದ್ದಳು. ಒಮ್ಮೆ ಮುನೀಮರು ಬ್ರಷ್ ಯಾರದೆಂದು ಚೇಷ್ಟೆಗೆ ಕೇಳಿದರು. "ನಮ್ಮ ಅಪ್ಪಾಂದು. ಅವ್ರಿಗೆ ಇನ್ನ ಬೇಕಾಗಿಲ್ಲ," ಎಂದಳು. ತನ್ನ ಮನೆಯ ಬಗ್ಗೆ ಆಕೆ ಆಡಿದ್ದು ಅಷ್ಟೇ.

ಎರಡನೇ ವರ್ಷ ಸಾಹುಕಾರರ ತಮ್ಮ ಗಂಜಿನ ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಮಳೆ ಕುಡಿದ ತೊಗರಿಯನ್ನು ದೊಡ್ಡ ಲಾರಿಯಲ್ಲಿ ತುಂಬಿ ತಂದ. ಅಂಥ ಮಾಲು ಗೋದಾಮಿಗೆ ಬಿದ್ದರೆ ಪಕ್ಕದ ಒಳ್ಳೆಯ ರಾಶಿಯೂ ಕಾವು ಹಿಡಿದು ಕೆಡುತ್ತದೆ. ನಾನು ಕೆಂಪು ಒತ್ತುವ ಮೊದಲೇ ಸಾಹುಕಾರರು ಆಕೆಯ ಟೇಬಲ್ಲಿಗೆ ಹೋದರು. ನಾನೂ ಮುನೀಮರೂ ಅಲ್ಲೇ ಇದ್ದೆವು.

"ಯಾರ್ಡಿಗೆ ಕೇಳದಂಗ ನೇರ ಒಳಗ ಬಿಡೂ ಅಧಿಕಾರ ನನ್ನ ಹೆಸರಿಗೆ ಹಚ್ಚ್ರಿ," ಎಂದರು.

"ಆ ದಾರಿ ತೆರಿಯೂದಿಲ್ರಿ."

"ಮಿಲ್ ನಂದವ್ವಾ."

"ನಿಮ್ದೇ. ಅದಕ್ಕ ತೆರೀಲಾಕ ಹೋಗಿಲ್ಲ. ಒಂದ್ಸಲ ತೆರದ್ರ ನಿಮ್ಮ ತಮ್ಮಗೂ ಅದು ಬೇಕು, ನಾಳೆ ಅವ್ರ ಹೆಂಡ್ತಿ ಅಣ್ಣಗೂ ಬೇಕು. ಮತ್ತ ಲಕ್ಷ್ಮಿ ಫೋಟೊ ಕೆಳಗ ಚೀಟಿ ಬರ್ತದ."

"ಆಗೂದಿಲ್ಲಂದ್ರ ನಾಳಿಂದ ಬರಬ್ಯಾಡ್ರಿ."

ಆಕೆ ಎದ್ದಳು. ಬ್ರಷ್ಷನ್ನು ಅಂಗೈಗೆ ಬಡಿದು ಧೂಳು ಕೊಡವಿ ಚೀಲಕ್ಕೆ ಹಾಕಿದಳು. ಡಬ್ಬಿ ತೆಗೆದುಕೊಂಡಳು. ನನ್ನನ್ನು ದಾಟುವಾಗಲೂ ತಲೆ ಎತ್ತಲಿಲ್ಲ. ಅಷ್ಟು ದಿನ ಬೈಸಿಕೊಂಡ ನಾನು, ಹೋಗುವಾಗಲಾದರೂ ಒಂದು ಮಾತು ಆಡುತ್ತಾಳೆ ಅಂದುಕೊಂಡಿದ್ದೆ. ಗೇಟಿನ ಮುಂದೆ ಆಟೋಗೆ ಕೈ ಮಾಡಿದಳು, ಹೋದಳು.

ಆ ದಾರಿ ತೆರೆಯುವುದು ಮಿಲ್ಲಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಉಳಿದದ್ದು ನನ್ನ ಬೆರಳು. ಸಾಹುಕಾರರು ನನ್ನ ಹೆಗಲ ಮೇಲೆ ಕೈ ಹಾಕಿದರು. ಅಷ್ಟು ವರ್ಷದಲ್ಲಿ ಹಾಕಿರಲಿಲ್ಲ.

"ನೀ ನಮ್ಮ ಮನಿ ಮನಷ್ಯಾ. ಹಸಿರು ಒತ್ತಿಬಿಡಪ್ಪಾ."

ನೋಡೋಣ ರೀ ಎಂದು ನಾಲಿಗೆಯ ತನಕ ಬಂತು. ಪರದೆಯ ಮೇಲ್ಗಡೆ ನನ್ನ ಹೆಸರು ಇತ್ತು. ಮುಂಚಿನಂತೆ ಸಾಹುಕಾರರದೇ ಇದ್ದಿದ್ದರೆ ಕಣ್ಣು ಮುಚ್ಚಿ ಒತ್ತುತ್ತಿದ್ದೆ. ಗೋದಾಮು ಕೆಟ್ಟರೆ ಕೆಡಿಸಿದವರು ಅವರೇ ಆಗುತ್ತಿದ್ದರು. ಈಗ ಆ ಲಾರಿ ಒಳಗೆ ಹೋದರೆ ನನ್ನ ಹೆಸರು ಹೊತ್ತುಕೊಂಡು ಹೋಗುತ್ತದೆ. ಒಣಗಿಸಲು ನಾಲ್ಕು ದಿನದ ಕೆಲಸವಿದ್ದ ಮಾವನ ಗಾಡಿಗೆ ಒತ್ತಿದ ಕೆಂಪು, ಈ ಲಾರಿಗೆ ಒತ್ತದೆ ಬಿಟ್ಟರೆ, ಮಾವನ ಮಾರಿ ನೋಡದವನು ಸಾಹುಕಾರರ ಮಾರಿ ನೋಡಿದ ಹಾಗೆ, ಮಾವನ ಮಾತೇ ಖರೆ ಆಗುತ್ತದೆ.

"ಇಲ್ರೀ," ಎಂದೆ. ಕೆಂಪು ಒತ್ತಿದೆ.

ಸಾಹುಕಾರರು ಕೈ ತೆಗೆದರು. ಆ ವಾರ ನನ್ನ ಲೆಕ್ಕ ಮುಗಿಸಿದರು. ಹಮಾಲನಾಗಿ ಕಾಲಿಟ್ಟ ಗೇಟಿನಿಂದ ಹೊರಗೆ ಬಂದು ನಿಂತಾಗ ನಾನು ಬೈದದ್ದು ಸಾಹುಕಾರರನ್ನಲ್ಲ, ಆಕೆಯನ್ನು. ನನಗೆ ಬೇಡವಾಗಿದ್ದ ಒಂದು ಮಾತನ್ನು ಬಾಯಲ್ಲಿ ಕೂಡಿಸಿ ಹೋದಳು. ಅದು ನನ್ನ ನೌಕರಿ ತಿಂದಿತು.

ಆಮೇಲೆ ಕಮಲಾಪುರಕ್ಕೆ ಬಂದು, ತೊಗರಿ ಹಸನು ಮಾಡಿಕೊಡುವ ಯಂತ್ರ ಹಾಕಿದೆ. ಸಣ್ಣದೊಂದು ಸಿಸ್ಟಮ್ಮೂ ಇಟ್ಟೆ. ಆಳುಗಳು ಮೊದಲ ದಿನವೇ ಎಲ್ಲರಿಗೂ ಒಂದೇ ಪಾಸ್‌ವರ್ಡು ಸಾಕು ಎಂದರು. ನಿಮ್ಮ ಪಾಲಿನ ಊಟ ನಾನು ಮಾಡಲೇನು ಎಂದು ಕೇಳಿದ್ದು ನಾನೇ. ಕೇಳಿದ ಮೇಲೆ ನನಗೇ ಸಿಟ್ಟು ಬಂತು. ಹಸಿ ಮಾಲು ತಂದವರಿಗೆ ಚಹಾ ಕೊಡುವ ಮೊದಲೇ ವಾಪಸ್ ಎನ್ನುತ್ತೇನೆ. ಕೆಲವರು ಬೈದು ಹೋಗುತ್ತಾರೆ. ಒಣಗಿಸಿಕೊಂಡು ಮತ್ತೆ ಬರುವವರೂ ಅವರೇ.

ಹೋದ ವರ್ಷ ಮುನೀಮರು ಫೋನು ಮಾಡಿ, ಆಕೆ ಸೋಲಾಪುರದಲ್ಲಿ ಅಕ್ಕನ ಮನೆಯಲ್ಲಿ ತೀರಿಕೊಂಡಳು ಎಂದರು. ಯಂತ್ರ ನಡೆಯುತ್ತಿತ್ತು. ನಿಲ್ಲಿಸೋಣ ಎಂದು ಎದ್ದೆ. ನಿಲ್ಲಿಸಿದರೆ ಸಿಸ್ಟಮ್ಮಿಗೆ ಕಾರಣ ಹೇಳಬೇಕು. ಕರೆಂಟು, ಬೆಲ್ಟು, ಮಳೆ, ಆಳಿಲ್ಲ, ಇಷ್ಟೇ ಕಾರಣ ಅದರಲ್ಲಿವೆ. ಯಾವುದೂ ಹೊಂದಲಿಲ್ಲ. ಸುಳ್ಳು ಕಾರಣ ಒತ್ತಲು ಕೈ ಬರಲಿಲ್ಲ. ಯಂತ್ರವನ್ನು ನಡೆಯಲು ಬಿಟ್ಟು ಮತ್ತೆ ಕೂತೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ತಗಡಿನ ಶೆಡ್ಡು. ಎರಡು ಯಂತ್ರ. ಆರು ಮಂದಿ ಆಳು, ಆರು ಪಾಸ್‌ವರ್ಡು. ಇದೇ ಊರಿನಲ್ಲಿದ್ದು, ತನ್ನ ತೊಗರಿಯನ್ನು ನನ್ನ ಬಾಗಿಲ ಮುಂದಿನಿಂದಲೇ ಬೇರೆ ಕಡೆ ಒಯ್ಯುವ ಒಬ್ಬ ಮಾವ. ಕೀಲಿಗಳ ಧೂಳಿಗೆ, ನಾನೇ ಕೊಂಡ ಒಂದು ದಾಡಿ ಬ್ರಷ್.