ಡ್ಯೂಕ್ ಪರ ಅಪ್ಪಯ್ಯ

ಎರಡು ಸಾವಿರದ ಏಳರ ರಮ್ಜಾನ್ ತಿಂಗಳ ಓವರ್‌ಟೈಮ್ ಅಪ್ಪಯ್ಯನಿಗೂ ಅವನ ಜೊತೆಯ ಬಸ್ ಡ್ರೈವರುಗಳಿಗೂ ಇನ್ನೂ ಬಂದಿಲ್ಲ. ರಮ್ಜಾನಿನಲ್ಲಿ ದಿನಕ್ಕೆ ಆರು ಗಂಟೆಗಿಂತ ಹೆಚ್ಚು ದುಡಿಸಿದರೆ ಅದಕ್ಕೆ ಬೇರೆ ಕೂಲಿ ಕೊಡಬೇಕೆಂದು ಕತಾರಿನ ಕಾನೂನು ಹೇಳುತ್ತದೆ. ಆ ಕಾನೂನು ಅಲ್ ಖೋರಿನ ಕಾರ್ಮಿಕರ ಕ್ಯಾಂಪಿನ ಗೇಟಿನವರೆಗೆ ಬಂತು, ಒಳಗೆ ಬರಲಿಲ್ಲ. ಬಸ್ಸುಗಳು ಎಂದಿನಂತೆ ಬೆಳಕು ಹರಿಯುವ ಮೊದಲೇ ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಗಳಿಗೆ ಹೊರಟವು, ಎಂದಿನಂತೆ ಹೊತ್ತು ಮುಳುಗಿದ ಮೇಲೆ ಹಿಂದಿರುಗಿದವು. ಉಪವಾಸವಿದ್ದ ಡ್ರೈವರ್ ಕಬೀರನೂ ಉಪವಾಸವಿಲ್ಲದ ಅಪ್ಪಯ್ಯನೂ ಒಂದೇ ಸಮ ಸ್ಟೇರಿಂಗ್ ತಿರುಗಿಸಿದರು.

ಅಪ್ಪಯ್ಯ ಕಾರ್ಕಳದ ಕಡೆಯವನು. ಊರಲ್ಲಿ ಹಗಲು ಸರ್ವಿಸ್ ಬಸ್ಸು ಓಡಿಸುತ್ತಿದ್ದ, ಬಿಡುವಾದರೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡಿದ ಮೇಲೆ ಪಾತ್ರವೇ ತಾನಾಗಿ ಚಕ್ಕಳಮಕ್ಕಳ ಹಾಕಿ ಕೂತು ಬರೇ ಮಾತಿನಲ್ಲಿ ಯುದ್ಧ ಮಾಡಬೇಕು. ಕತಾರಿಗೆ ಬಂದ ಮೇಲೂ ಆ ಚಟ ಬಿಡಲಿಲ್ಲ. ಶುಕ್ರವಾರ, ರಜೆಯ ದಿನ, ಐನ್ ಖಾಲಿದ್ ಬಡಾವಣೆಯಲ್ಲಿ ಯಾರದಾದರೂ ಮನೆಯ ಸೋಫಾಗಳನ್ನು ಗೋಡೆಗೆ ತಳ್ಳಿ ಕೂಟ ನಡೆಯುತ್ತಿತ್ತು. ಒರಟು ದನಿಯ ಅಪ್ಪಯ್ಯನಿಗೆ ಸಿಗುತ್ತಿದ್ದುದು ಕೊನೆಗೆ ಸೋಲುವ ಪಾತ್ರಗಳೇ. ಅವನಿಗೆ ಬೇಸರವಿರಲಿಲ್ಲ. ಸೋಲಿಸುವುದು ಕಥೆಯ ಕೆಲಸ, ವಾದಿಸುವುದು ತನ್ನ ಕೆಲಸ ಎಂದು ಬೆವರು ಒರೆಸಿಕೊಂಡು ಎದ್ದು ಬರುತ್ತಿದ್ದ.

ಓವರ್‌ಟೈಮ್ ಕೇಳಲು ಹೋದಾಗಲೆಲ್ಲ ಎಚ್‌ಆರ್‌ನ ಯೂಸ್ಟೇಸ್, ಕಾರ್ಕಳಕ್ಕೆ ಹತ್ತಿರದ ಶಿರ್ವದವನು, ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸುತ್ತಿದ್ದ.

“ಮ್ಯಾನೇಜರ್ ಅಪ್ರೂವಲ್ ಆಗ್ಬೇಕು ಮಾರಾಯಾ. ನನ್ನ ಕೈಲಿ ಎಂತದೂ ಇಲ್ಲ.”

“ನಿನ್ನ ಕೈಲಿ ಇರುವುದು ಎಂತ ಮತ್ತೆ? ಸ್ಟೇಪ್ಲರಾ?”

ಮ್ಯಾನೇಜರ್ ಅಮೆರಿಕದವನು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಓದಿದ್ದು ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿಯಲ್ಲಿ. ಮಾರ್ಚ್ ಬಂತೆಂದರೆ ಅವನ ದೇಶದ ಕಾಲೇಜು ಹುಡುಗರ ಬಾಸ್ಕೆಟ್‌ಬಾಲ್ ಶುರುವಾಗುತ್ತಿತ್ತು; ಆಗ ಅವನು ನಿದ್ದೆಗೆಟ್ಟ ಕಣ್ಣುಗಳಲ್ಲಿ ಆಫೀಸಿಗೆ ಬಂದು ಸ್ಕೋರು ಹೊರತು ಬೇರೇನನ್ನೂ ಓದುತ್ತಿರಲಿಲ್ಲ. ಎರಡು ಸಾವಿರದ ಎಂಟರ ಮಾರ್ಚಿನಲ್ಲಿ ಅವನಿಗೆ ಕಾರ್ಮಿಕರ ಮೇಲೆ ಅಕ್ಕರೆ ಉಕ್ಕಿತು. ಮೆಸ್ಸಿನಲ್ಲಿ ‘ಟೀಮ್ ಸ್ಪಿರಿಟ್’ ಸಂಜೆ. ಚರ್ಚಾಸ್ಪರ್ಧೆ. ವಿಷಯ: ಈಚಿನ ದಶಕಗಳಲ್ಲಿ ಅತ್ಯಂತ ಯಶಸ್ವಿ ಕಾಲೇಜು ಬಾಸ್ಕೆಟ್‌ಬಾಲ್ ತಂಡ ಯಾವುದು? ಗೆದ್ದವರು ಏನನ್ನಾದರೂ ಒಂದು ಕೇಳಬಹುದು, ಕಂಪೆನಿ ಕೊಡುತ್ತದೆ.

ಆ ಕ್ಯಾಂಪಿನಲ್ಲಿ ಬಾಸ್ಕೆಟ್‌ಬಾಲ್ ಕಂಡವರೇ ಕಡಿಮೆ. ಕ್ಯಾರೊಲಿನಾ ಪರ ಮಾತಾಡಲು, ಊರ ಕಡೆಯವನೇ ಆದ ಅಕೌಂಟ್ಸಿನ ರಿಚರ್ಡ್ ಮೊದಲೇ ಹೆಸರು ಕೊಟ್ಟಿದ್ದ. ಎದುರಾಳಿ ಡ್ಯೂಕ್, ಅಲ್ಲಿಯದೇ ಇನ್ನೊಂದು ಯೂನಿವರ್ಸಿಟಿ. ಕ್ಯಾರೊಲಿನಾಕ್ಕೂ ಡ್ಯೂಕಿಗೂ ಪಕ್ಕದ ಮನೆಯವರ ಹಗೆ. ಡ್ಯೂಕ್ ಎಂದರೆ ಮ್ಯಾನೇಜರನ ಮೂಗು ಕೆಂಪಾಗುತ್ತಿತ್ತು. ಯಾರೂ ಮುಂದೆ ಬರಲಿಲ್ಲ. ಅಪ್ಪಯ್ಯ ಕೈ ಎತ್ತಿದ.

“ಮರ್ಲಾ ನಿಂಗೆ, ಹುಚ್ಚಾ?” ಎಂದ ಕಬೀರ್. “ಆ ಆಟ ನೋಡಿದ್ದೀಯಾ?”

“ದೇವಲೋಕ ನೋಡಿದ್ದೇನಾ? ಅಲ್ಲಿಯವರ ಅರ್ಥ ಹೇಳಿಲ್ವಾ?”

“ಜಡ್ಜು ಯಾರು ಗೊತ್ತುಂಟಾ? ಅವನೇ. ಖಲಾಸ್.”

“ಗೆದ್ರೆ ಓವರ್‌ಟೈಮ್ ಕೇಳುದು. ಎಲ್ಲರದ್ದೂ. ಸೋತ್ರೆ ಈಗ ಇರುವುದಕ್ಕಿಂತ ಕಡಿಮೆ ಆಗ್ಲಿಕ್ಕೆ ಎಂತ ಉಂಟು?”

ಅಪ್ಪಯ್ಯನ ಇಂಗ್ಲಿಷ್ ಬಸ್ಸಿನ ಬಾಗಿಲು ತೆಗೆದು ಮುಚ್ಚುವಷ್ಟಕ್ಕೆ ಮಾತ್ರ ಸಾಕಿತ್ತು. ಅವನು ಕನ್ನಡದಲ್ಲಿ ಹೇಳುವುದು, ಯೂಸ್ಟೇಸ್ ಇಂಗ್ಲಿಷಿಗೆ ತಿರುಗಿಸುವುದು ಎಂದು ಗೊತ್ತಾಯಿತು. ಯೂಸ್ಟೇಸ್ ಇಂಟರ್‌ನೆಟ್ಟಿನಿಂದ ತೆಗೆದುಕೊಟ್ಟದ್ದನ್ನು ಅಪ್ಪಯ್ಯ ಪ್ರಸಂಗ ಬಾಯಿಪಾಠ ಮಾಡುವಂತೆ ಬಾಯಿಪಾಠ ಮಾಡಿದ.

ಆ ಸಂಜೆ ರಿಚರ್ಡ್ ಟೈ ಕಟ್ಟಿ ಮೈಕಿನ ಮುಂದೆ ನಿಂತ. ಎಂಬತ್ತೆರಡರಲ್ಲಿ, ತೊಂಬತ್ತಮೂರರಲ್ಲಿ, ಎರಡು ಸಾವಿರದ ಐದರಲ್ಲಿ ಕ್ಯಾರೊಲಿನಾ ದೇಶಕ್ಕೇ ಮೊದಲು ಬಂದದ್ದನ್ನು ಹೇಳಿದ. ಮ್ಯಾನೇಜರ್ ಚಪ್ಪಾಳೆ ತಟ್ಟಿದ. ಅವನನ್ನು ನೋಡಿ ಮೆಸ್ಸೆಲ್ಲ ತಟ್ಟಿತು.

ಅಪ್ಪಯ್ಯ ಹೆಗಲಿಗೆ ಬೈರಾಸು ಹಾಕಿ, ಅನ್ನ ಬಡಿಸುವ ಮೇಜು ಹತ್ತಿ, ಚಕ್ಕಳಮಕ್ಕಳ ಕೂತ.

“ಎಲವೋ ಕ್ಯಾರೊಲಿನಾ! ಈಚಿನ ದಶಕ ಎಂದೆಯಲ್ಲ, ಈಚೆ ಎಂದರೆ ಎಲ್ಲಿಂದ? ನಾನು ಡ್ಯೂಕು. ತೊಂಬತ್ತೊಂದರಲ್ಲಿ ಗೆದ್ದೆ. ಗೆದ್ದ ಬೆವರು ಆರುವ ಮೊದಲು ತೊಂಬತ್ತೆರಡರಲ್ಲಿ ಮತ್ತೆ ಗೆದ್ದೆ. ಎರಡು ಸಾವಿರದ ಒಂದರಲ್ಲೂ ಗೆದ್ದೆ. ತೊಂಬತ್ತರಿಂದ ಲೆಕ್ಕ ಹಿಡಿದರೆ ನನ್ನದು ಮೂರು, ನಿನ್ನದು ಎರಡು. ಮೂರನೆಯದನ್ನು ತರಲು ನೀನು ಎಂಬತ್ತೆರಡಕ್ಕೆ ಓಡಬೇಕು. ಅಷ್ಟು ಹಿಂದೆ ಓಡುವವನು ಅಜ್ಜನ ಕಾಲಕ್ಕೂ ಓಡಿಯಾನು! ಉತ್ತರ ಕೊಡು.”

ಯೂಸ್ಟೇಸ್ ಬೆವರೊರೆಸಿಕೊಂಡು ಇಂಗ್ಲಿಷಿನಲ್ಲಿ ಅಂದ: “ಡ್ಯೂಕ್ ಕೂಡ ಒಳ್ಳೆಯ ತಂಡ ಅಂತ ಹೇಳ್ತಿದ್ದಾನೆ, ಸರ್.”

“ಹೋದ ಎರಡು ವರ್ಷ ಗೆದ್ದದ್ದು ಫ್ಲಾರಿಡಾ!” ಎಂದು ಹಿಂದಿನ ಬೆಂಚಿನಿಂದ ಒಬ್ಬ ನೇಪಾಳಿ ಕೂಗಿದ. ಅವನಿಗೆ ಅದು ಹೇಗೆ ಗೊತ್ತೋ.

ವಾದ ಏರಿತು. ರಿಚರ್ಡ್ ಟೈ ಸಡಿಲಿಸಿ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಇಳಿದ. ಆದರೂ ಅಪ್ಪಯ್ಯನ ಕಣ್ಣು ಮ್ಯಾನೇಜರನ ಮುಖದ ಮೇಲಿತ್ತು. ಕಬೀರ್ ಹೇಳಿದ್ದು ಸರಿ. ಆ ಮುಖ ಡ್ಯೂಕಿಗೆ ಒಂದು ಅಂಕವನ್ನೂ ಕೊಡುವ ಮುಖವಲ್ಲ. ಅರ್ಥಧಾರಿಗಳು ಇಂಥ ಬಿಕ್ಕಟ್ಟಿನಲ್ಲಿ ಉತ್ತರ ಕೊಡುವುದಿಲ್ಲ, ಪ್ರಶ್ನೆ ಎಸೆಯುತ್ತಾರೆ. ಬಾಯಿಗೆ ಬಂದದ್ದನ್ನು ಅವನು ಎಸೆದ.

“ಇರಲಿ. ನಿನ್ನ ಆ ಹುಡುಗರಿಗೆ ಸಂಬಳ ಎಷ್ಟು?”

“ಸಂಬಳ ಮಾಫಿ, ಇಲ್ಲವೇ ಇಲ್ಲ,” ಎಂದ ರಿಚರ್ಡ್. “ಅವರು ಸ್ಟೂಡೆಂಟ್ಸ್ ಅಲ್ವಾ. ಫೀಸು ಬಿಡ್ತಾರೆ, ಅಷ್ಟೇ.”

ಅಪ್ಪಯ್ಯ ನಿಜಕ್ಕೂ ದಂಗಾದ. “ಟಿಕೆಟು ಮಾರುದಿಲ್ವಾ? ಟಿವಿಯವರು ದುಡ್ಡು ಕೊಡುದಿಲ್ವಾ?”

“ಕೋಟಿಗಟ್ಲೆ. ಅದು ಕಾಲೇಜಿಗೆ. ಕೋಚಿಗೂ ಕೋಟಿ ಉಂಟು.”

“ಓಡುವವನಿಗೆ ಇಲ್ಲ?”

“ಇಲ್ಲ ಮಾರಾಯಾ, ರೂಲ್ಸ್ ಹಾಗೆ.”

ಅಪ್ಪಯ್ಯ ಬೈರಾಸು ಕೊಡವಿದ. ಡ್ಯೂಕಿನ ಪಾತ್ರ ಅಲ್ಲಿಗೆ ಅವನ ಮೈಮೇಲಿಂದ ಇಳಿಯಿತು.

“ಹಾಗಾದರೆ ಕೇಳಿರಿ ಸಭಿಕರೇ! ಬೆವರು ಒಬ್ಬನದು, ಗೆದ್ದ ಕಪ್ ಇನ್ನೊಬ್ಬನದು. ಹೆಚ್ಚು ದುಡಿಸಿ ಏನೂ ಕೊಡದೆ ಉಳಿದವನೇ ಯಶಸ್ವಿ ಎಂದಾದರೆ ಡ್ಯೂಕೂ ಅಲ್ಲ, ಕ್ಯಾರೊಲಿನಾವೂ ಅಲ್ಲ. ಅವರು ಫೀಸಾದರೂ ಬಿಟ್ಟರು. ಉಪವಾಸದ ತಿಂಗಳಲ್ಲಿ ನಮ್ಮನ್ನು ಇಡೀ ದಿನ ಓಡಿಸಿ ಒಂದು ರಿಯಾಲ್ ಬಿಚ್ಚದ ನಮ್ಮ ಕಂಪೆನಿಯೇ ಈ ಲೋಕದ ಅತ್ಯಂತ ಯಶಸ್ವಿ ತಂಡ!”

ಮೆಸ್ಸು ಹುಚ್ಚೆದ್ದಿತು. ತಟ್ಟೆಗಳು ಬಡಿದವು. ಕಬೀರ್ ಬೆಂಚಿನ ಮೇಲೆ ಹತ್ತಿ ಸೀಟಿ ಹೊಡೆದ. ಮ್ಯಾನೇಜರ್ ಯೂಸ್ಟೇಸನತ್ತ ಬಾಗಿ ಏನೆಂದ ಎಂದು ಕೇಳಿದ. ಮನೆ ಸಾಲ, ಇಬ್ಬರು ಮಕ್ಕಳ ಶಾಲೆ, ಎಲ್ಲವನ್ನೂ ನೆನೆದ ಯೂಸ್ಟೇಸ್ ಕೊನೆಯ ಮಾತನ್ನಷ್ಟೇ ಇಂಗ್ಲಿಷಿಗೆ ತಿರುಗಿಸಿದ.

“ಅತ್ಯಂತ ಯಶಸ್ವಿ ತಂಡ ನಮ್ಮ ಕಂಪೆನಿ ಅಂತ, ಸರ್.”

ಮ್ಯಾನೇಜರನ ಕಣ್ಣು ಒದ್ದೆಯಾಯಿತು. ಎದ್ದು ಬಂದು ಅಪ್ಪಯ್ಯನನ್ನು ಮೇಜಿನಿಂದ ಎತ್ತಿ ಇಳಿಸಿ ತಬ್ಬಿಕೊಂಡ. ಇಂಥ ಟೀಮ್ ಸ್ಪಿರಿಟ್ ತಾನು ಕ್ಯಾರೊಲಿನಾದಲ್ಲೂ ಕಂಡಿಲ್ಲ ಎಂದ. ಸಮಯ ಕಂಡು ಅಪ್ಪಯ್ಯ ಅವನ ಕಿವಿಗೆ ನೇರ ಹೇಳಿದ: “ಸಾರ್, ರಮ್ಜಾನ್ ಓವರ್‌ಟೈಮ್. ಆಲ್ ಡ್ರೈವರ್.” ಇದಕ್ಕೆ ಯಾರ ಅನುವಾದವೂ ಬೇಕಿರಲಿಲ್ಲ.

ಮ್ಯಾನೇಜರ್ ಯೋಚಿಸಿದ. ನ್ಯಾಯವಾಗಿ ನಡೆಯಬೇಕೆಂದ. ಕೇಳುವ ಹಕ್ಕು ಗೆದ್ದವರದ್ದು. ಗೆದ್ದದ್ದು ಕಂಪೆನಿ, ಅಪ್ಪಯ್ಯನೇ ಸಾರಿದ್ದಾನೆ. ಆದ್ದರಿಂದ ಕಂಪೆನಿಯ ಪರವಾಗಿ ತಾನು ಕೇಳುತ್ತೇನೆ: ಈ ಓವರ್‌ಟೈಮಿನ ಮಾತು ಇಲ್ಲಿಗೆ ಮುಗಿಯಲಿ. ಹಾಗೆಂದು ಕೇಳಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತು, ಕೊಟ್ಟಿದ್ದೇನೆ ಎಂದ. ಅಪ್ಪಯ್ಯನ ಕೈಗೆ ಒಂದು ಬಾಸ್ಕೆಟ್‌ಬಾಲ್ ಇಟ್ಟು ಫೋಟೋ ತೆಗೆಸಿಕೊಂಡ.

“ಯಲ್ಲಾ, ನಡೀರಿ, ಲೇಬರ್ ಆಫೀಸಿಗೆ ಹೋಗುವ,” ಎಂದ ಅಪ್ಪಯ್ಯ ಮರುದಿನ. ಡ್ರೈವರುಗಳೆಲ್ಲ ಹೂಂ ಎಂದರು. ಆದರೆ ಅಷ್ಟರಲ್ಲಿ ಕ್ಯಾಂಪಿಗೆ ಆಟದ ಜ್ವರ ಹತ್ತಿತ್ತು. ನೇಪಾಳಿಗಳು ಫ್ಲಾರಿಡಾ ಹಿಡಿದರು. ಮಲಯಾಳಿಗಳು ಕೆಂಟಕಿ ಎಂದರು. ಫ್ರೈಡ್ ಚಿಕನ್ ಅಂಗಡಿಯ ಬೋರ್ಡಿನಿಂದಾಗಿ ಹೆಸರಾದರೂ ಗೊತ್ತು ಎಂಬುದು ಅವರ ವಾದ. ಉಡುಪಿಯವರು ಡ್ಯೂಕ್, ಹಾಗಾಗಿ ಬಂಟ್ವಾಳದವರು ಕ್ಯಾರೊಲಿನಾ. ಡ್ಯೂಕಿನವನು ಮೊದಲು ಸಹಿ ಹಾಕಿದ ಅರ್ಜಿಗೆ ಕ್ಯಾರೊಲಿನಾದವನು ಹಾಕಲೊಲ್ಲ. ಕೊನೆಗೆ ಲೇಬರ್ ಆಫೀಸಿನ ಮೆಟ್ಟಿಲು ಹತ್ತಿದ್ದು ಅಪ್ಪಯ್ಯ, ಕಬೀರ್, ಇಬ್ಬರೇ. ಇಬ್ಬರ ಕಾಂಟ್ರಾಕ್ಟೂ ಮುಂದಿನ ವರ್ಷ ಮುಂದುವರಿಯಲಿಲ್ಲ.

ಅಪ್ಪಯ್ಯ ಈಗ ಕಾರ್ಕಳದಲ್ಲಿ ಶಾಲೆಯ ವ್ಯಾನ್ ಓಡಿಸುತ್ತಾನೆ. ಮಾರ್ಚ್ ಬಂದರೆ ಹಳೆಯ ಕ್ಯಾಂಪಿನಿಂದ ಫೋನು ಬರುತ್ತದೆ: “ಅಪ್ಪಯ್ಯಣ್ಣಾ, ಈ ಸಲ ಯಾರು ಹೇಳು?” ಓವರ್‌ಟೈಮ್ ಬಂತಾ ಎಂದು ಒಬ್ಬನೂ ಕೇಳಿಲ್ಲ.

ಇಷ್ಟು ಓದಿ ನಿಮ್ಮ ತಲೆಯಲ್ಲೂ ಡ್ಯೂಕೋ ಕ್ಯಾರೊಲಿನಾವೋ ಎಂಬುದೇ ತಿರುಗುತ್ತಿದ್ದರೆ ಅದನ್ನು ಉಗಿದು ಬನ್ನಿ. ನಾಳೆ ನಿಮ್ಮನ್ನು ಕೆಲಸಕ್ಕೆ ಹೊತ್ತೊಯ್ಯುವ ಕಂಪೆನಿ ಬಸ್ಸು ಹತ್ತಿದ ಕೂಡಲೇ ಡ್ರೈವರನ ಹೆಗಲು ತಟ್ಟಿ, ಹೆಚ್ಚುವರಿ ದುಡಿದದ್ದಕ್ಕೆ ಕೂಲಿ ಬಂದಿದೆಯೇ ಎಂದು ಕೇಳಿ. ಬಂದಿಲ್ಲವೆಂದರೆ ಸೀಟಿನಲ್ಲಿ ಕೂರಬೇಡಿ. ಇಳಿದು, ಅವನ ಕೂಲಿ ಬರುವವರೆಗೆ ಬಸ್ಸಿನ ಮುಂದೆ ನಿಲ್ಲಿ. ನಿಲ್ಲುತ್ತೀರಾ?