ಬೀಗ ಬಿದ್ದ ಪಟ್ಟಿ

ಭಾಲ್ಕಿಯಲ್ಲಿ ನಾನು ಮೊದಲ ನೌಕರಿ ಮಾಡಿದ ಸಂಸ್ಥೆಗೆ ಇದ್ದದ್ದು ಎರಡು ಕೋಣೆ, ಒಂದು ಕಂಪ್ಯೂಟರು. ಕೆಳಗೆ ಬೀಜ-ಗೊಬ್ಬರದ ಅಂಗಡಿ, ಮೇಲೆ ನಾವು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಡಾಕ್ಟರೊಬ್ಬರು ಅದನ್ನು ಕಟ್ಟಿದ್ದರು. ಟಿಬಿ ಗುಳಿಗೆ ತೆಗೆದುಕೊಳ್ಳುವವರು ನಡುವೆ ಬಿಡದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಆರು ತಿಂಗಳು ತಪ್ಪದೆ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಮೈಗೆ ಕಸುವು ಬರುತ್ತದೆ, ಇನ್ನು ಯಾಕೆ ಅನ್ನಿಸುತ್ತದೆ. ಬಿಟ್ಟರೆ ರೋಗ ಮೊದಲಿಗಿಂತ ಗಟ್ಟಿಯಾಗಿ ಮರಳುತ್ತದೆ.

ಮಳೆ ಕೈಕೊಟ್ಟ ಎರಡನೆಯ ವರ್ಷ ಊರುಗಳು ಖಾಲಿಯಾಗತೊಡಗಿದವು. ಹೈದರಾಬಾದಿನ ಕಟ್ಟಡ ಕೆಲಸ, ಇಟ್ಟಿಗೆ ಭಟ್ಟಿ, ಮಹಾರಾಷ್ಟ್ರದ ಕಬ್ಬಿನ ಹೊಲ, ಎಲ್ಲಿ ಕೂಲಿಯೋ ಅಲ್ಲಿಗೆ ಜನ ಹೊರಟರು. ನಮ್ಮ ರೋಗಿಗಳೂ ಹೋದರು. ಸರ್ಕಾರಿ ದವಾಖಾನೆಯ ರಿಜಿಸ್ಟರಿನಲ್ಲಿ ಅವರ ಹೆಸರು, ಊರು ಇತ್ತು. ಊರು ಬಿಟ್ಟು ಎಲ್ಲಿಗೆ ಹೋದರು, ಯಾರ ಮೊಬೈಲಿಗೆ ಕರೆದರೆ ಸಿಗುತ್ತಾರೆ, ಹೋದ ಕಡೆ ಎಲ್ಲಿ ಗುಳಿಗೆ ಕೊಡಿಸಿದ್ದೇವೆ, ಅದು ಯಾವತ್ತಿಗೆ ಮುಗಿಯುತ್ತದೆ, ಇಷ್ಟೂ ಇದ್ದದ್ದು ನನ್ನ ಕಂಪ್ಯೂಟರಿನ ಒಂದು ಪಟ್ಟಿಯಲ್ಲಿ. ಅರವತ್ತೆರಡು ಮಂದಿ. ಪ್ರತಿ ಸೋಮವಾರ ನಾನು ಕುಳಿತು ಕಚೇರಿಯ ಲ್ಯಾಂಡ್‌ಲೈನಿನಿಂದ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದೆ.

ಊರೂರು ತಿರುಗಿ ಆ ವಿವರ ತರುತ್ತಿದ್ದವರು ಔರಾದ್ ಕಡೆಯ ಒಬ್ಬ ಹೆಂಗಸು. ಐವತ್ತು ದಾಟಿತ್ತು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ನಾವೆಲ್ಲ ಅವರನ್ನು ಮೌಶಿ ಅಂತಲೇ ಕರೆಯುತ್ತಿದ್ದೆವು, ಚಿಕ್ಕಮ್ಮನನ್ನು ಕರೆಯುವ ಹಾಗೆ. ಸಾಲೆ ಮೂರನೇ ಇಯತ್ತೆಗೆ ಬಿಟ್ಟವರು. ಒಂದು ಕಾಲದಲ್ಲಿ ತಾವೇ ಟಿಬಿ ಗುಳಿಗೆ ನುಂಗಿ ಉಳಿದವರು. ನಂಬರುಗಳನ್ನು ಬೀಡಿ ಕಟ್ಟಿನ ಕಾಗದ, ಬಸ್ಸಿನ ಟಿಕೇಟು, ಸಿಕ್ಕಿದ್ದರ ಮೇಲೆ ಯಾರಿಂದಲಾದರೂ ಬರೆಸಿಕೊಂಡು ಬಂದು ನನ್ನ ಮೇಜಿನ ಮೇಲೆ ಸುರಿಯುತ್ತಿದ್ದರು. ನಾನು ಟೈಪು ಮಾಡಿ, ಆ ಚೀಟಿಗಳನ್ನು ಹರಿದು ಬುಟ್ಟಿಗೆ ಹಾಕುತ್ತಿದ್ದೆ. ಕಂಪ್ಯೂಟರಿನಲ್ಲಿ ಇದೆಯಲ್ಲ, ಕಾಗದ ಯಾಕೆ?

ಆ ಕಂಪ್ಯೂಟರನ್ನು ನಾವು ಹೇಗೆ ಇಟ್ಟುಕೊಂಡಿದ್ದೆವು ಎಂಬುದನ್ನೂ ಹೇಳಬೇಕು. ಪಾಸ್‌ವರ್ಡು ಒಂದರಿಂದ ಆರರವರೆಗಿನ ಅಂಕಿ. ಅದನ್ನೂ ಮರೆತೇವೆಂದು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಲಾಗಿತ್ತು. ವೈರಸ್ ತಡೆಯುವ ಸಾಫ್ಟ್‌ವೇರಿನ ಅವಧಿ ಮುಗಿದು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಕೆಂಪು ಚೌಕವೊಂದು ಮೂಡಿ ಅದನ್ನು ನೆನಪಿಸುತ್ತಿತ್ತು, ನಾನು ಅದನ್ನು ಮುಚ್ಚಿ ಕೆಲಸಕ್ಕೆ ತೊಡಗುತ್ತಿದ್ದೆ. ಪಟ್ಟಿಯ ನಕಲು ಒಂದು ಪೆನ್‌ಡ್ರೈವಿನಲ್ಲಿ ಇತ್ತು, ನಿಜ. ಆದರೆ ತೆಗೆದಿಟ್ಟರೆ ಎಲ್ಲಿ ಕಳೆದುಹೋಗುತ್ತದೋ ಅಂತ ಅದನ್ನು ಕಂಪ್ಯೂಟರಿಗೇ ಸಿಕ್ಕಿಸಿ ಬಿಟ್ಟಿದ್ದೆ.

ಬೇಸಿಗೆಯ ಒಂದು ಮಧ್ಯಾಹ್ನ ಕಚೇರಿಯ ಮೇಲ್‌ಗೆ ಒಂದು ಪತ್ರ ಬಂತು. ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ, ರಸೀದಿ ತೆರೆದು ನೋಡಿ ಅಂತ ಇಂಗ್ಲಿಷಿನಲ್ಲಿತ್ತು. ಕಫ ತೆಗೆದುಕೊಳ್ಳುವ ಡಬ್ಬಿಗಳ ಪಾರ್ಸೆಲ್ಲಿಗಾಗಿ ನಾವು ವಾರದಿಂದ ಕಾಯುತ್ತಿದ್ದೆವು. ತೆರೆದೆ. ಏನೂ ಕಾಣಿಸಲಿಲ್ಲ. ಮುಚ್ಚಿ, ಬುತ್ತಿ ಬಿಚ್ಚಿ ಊಟಕ್ಕೆ ಕುಳಿತೆ.

ಮರುದಿನ ಬೆಳಿಗ್ಗೆ ಕಂಪ್ಯೂಟರು ಹಚ್ಚಿದರೆ ಕಪ್ಪು ಪರದೆ, ಕೆಂಪು ಅಕ್ಷರ. ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ, ಬಿಡಿಸಬೇಕಾದರೆ ಇಷ್ಟು ಬಿಟ್‌ಕಾಯಿನ್ ಕಳಿಸಿ, ಮೂರು ದಿನ ದಾಟಿದರೆ ಕೀಲಿಯನ್ನೇ ಅಳಿಸುತ್ತೇವೆ. ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಪಟ್ಟಿ ಇದ್ದಲ್ಲೇ ಇತ್ತು, ಆದರೆ ತೆರೆದರೆ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು. ಪೆನ್‌ಡ್ರೈವಿನಲ್ಲಿಯೂ ಅದೇ.

ಡಾಕ್ಟರ್ ಸಾಹೇಬರು ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದರು.

"ಇದು ಯಾವ ದೇಶದ ನಾಣ್ಯ ಅವ್ವಾ?"

"ಯಾವ ದೇಶದ್ದೂ ಅಲ್ರಿ, ಕಂಪ್ಯೂಟರಿನಾಗೇ ಇರ್ತದಂತ್ರಿ."

"ಹಂಗಿದ್ರ ನಮಗ ಸಿಗೋದಲ್ಲ," ಎಂದು ಅವರು ಎದ್ದರು. "ನಡಿ, ಬೀದರಕ್ಕ ಹೋಗಿ ಕಂಪ್ಲೇಂಟ್ ಕೊಡಾಮು."

ಬೀದರಿನ ಠಾಣೆಯಲ್ಲಿ ದೂರು ಬರೆದುಕೊಳ್ಳುವ ಪೊಲೀಸಪ್ಪನಿಗೆ ವಿಷಯ ತಿಳಿಯಲಿಲ್ಲ. ಅವರ ತಪ್ಪೂ ಅಲ್ಲ, ನಮಗೇ ತಿಳಿದಿರಲಿಲ್ಲ.

"ಕಂಪ್ಯೂಟರ್ ಅಲ್ಲೇ ಅದ, ಫೈಲೂ ಅಲ್ಲೇ ಅವ ಅಂತೀರಿ. ಮತ್ತ ಕಳುವಾಗಿದ್ದು ಏನ್ರಿ?"

"ಮನಿ ನಮ್ದೇರಿ," ಎಂದರು ಡಾಕ್ಟರು. "ಕೀಲಿ ಬ್ಯಾರೆಯವರು ಹಾಕ್ಯಾರ."

ಒಳಗಿನಿಂದ ಕೇಳಿಸಿಕೊಂಡ ಇನ್‌ಸ್ಪೆಕ್ಟರು ನಮ್ಮನ್ನು ಕರೆದು ಕೂರಿಸಿದರು. ಇದು ಕಳುವಿನ ಕಲಮಿನಲ್ಲಿ ಬರುವುದಿಲ್ಲ, ಐಟಿ ಕಾಯ್ದೆಯ ಅರವತ್ತಾರನೇ ಕಲಮು ಬೇಕು, ಜೊತೆಗೆ ಸುಲಿಗೆಯದೂ ಹಾಕಬೇಕು ಎಂದರು. ಇಂಥ ಕೇಸನ್ನು ಇನ್‌ಸ್ಪೆಕ್ಟರಿಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ, ಅದಕ್ಕೇ ತಾವೇ ಕೇಳುತ್ತಿರುವುದಾಗಿಯೂ ಹೇಳಿದರು.

"ಸಿಕ್ಕರ ಮೂರು ವರ್ಷದ ತನಕ ಜೈಲು ಅದರಿ. ಸಿಗೋದೇ ಕಷ್ಟ. ರೊಕ್ಕ ಕೊಟ್ರ ಬಿಚ್ಚತಾನ ಅಂತ ಖಾತ್ರಿ ಇಲ್ಲ, ಕೊಡಬ್ಯಾಡ್ರಿ." ಡಾಕ್ಟರ ಕಡೆ ನೋಡಿ ಅಂದರು, "ಕೀಲಿ ಹಾಕಿದವಗ ಕಾನೂನು ಅದ. ಮಂದಿ ಮಾಹಿತಿ ಇಟ್ಕೊಂಡು ಕಾಯಲಾರದ ಕಂಪನಿಗಳಿಗೂ ಕಾನೂನು ಅದ. ನಿಮ್ಮಂಥ ಧರ್ಮದ ಸಂಸ್ಥೆಗಿ ಅದು ಹತ್ತತದೋ ಇಲ್ಲೋ, ವಕೀಲರಿಗಿ ಕೇಳ್ರಿ."

ಆಮೇಲೆ ನನ್ನ ಕಡೆ ತಿರುಗಿದರು. "ನಿನ್ನಿ ಮೊನ್ನಿ ಗುರ್ತಿಲ್ಲದ ಮೇಲ್ ಯಾವುದರ ತೆಗೆದಿರೇನಮ್ಮಾ?"

"ಇಲ್ರಿ," ಅಂದೆ.

ಯೋಚಿಸಿ ಹೇಳಿದ ಸುಳ್ಳಲ್ಲ. ಪಕ್ಕದಲ್ಲಿ ಡಾಕ್ಟರು ಕುಳಿತಿದ್ದರು, ಬಾಯಿಂದ ಹಾಗೆ ಬಂದುಬಿಟ್ಟಿತು. ಬರೆಯುವ ಪೊಲೀಸಪ್ಪ ಅದನ್ನೂ ಬರೆದುಕೊಂಡರು. ಕೆಳಗೆ ನಾನು ಸಹಿ ಮಾಡಿದೆ.

ಪಟ್ಟಿ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಅದನ್ನು ಮತ್ತೆ ಕಟ್ಟುವುದೊಂದೇ ದಾರಿ. ದವಾಖಾನೆಯ ರಿಜಿಸ್ಟರಿನಿಂದ ಹೆಸರುಗಳನ್ನು ಇಳಿಸಿಕೊಂಡು, ಉದ್ದನೆಯ ಹೊಸ ನೋಟ್‌ಬುಕ್ಕು ಹಿಡಿದು ನಾನು ಮೌಶಿಯ ಬೆನ್ನು ಹತ್ತಿದೆ. ಅಲ್ಲಿಯವರೆಗೆ ಆ ಅರವತ್ತೆರಡು ಜನರಲ್ಲಿ ಹೆಚ್ಚಿನವರ ದನಿ ಮಾತ್ರ ನನಗೆ ಗೊತ್ತಿತ್ತು. ಮೌಶಿಗೆ ಅವರ ಮನೆ, ಮಕ್ಕಳು, ಯಾರಿಗೆ ಗುಳಿಗೆ ನುಂಗಿದರೆ ವಾಂತಿ, ಯಾರು ಬೆಲ್ಲದ ಜೊತೆ ನುಂಗುತ್ತಾರೆ, ಎಲ್ಲ ಬಾಯಲ್ಲೇ ಇತ್ತು. ನಂಬರು ಮಾತ್ರ ಇರಲಿಲ್ಲ.

ಕಮಠಾಣದಲ್ಲಿ ಬೀಗ ಹಾಕಿದ ಮನೆಗಳ ಸಾಲಿನಲ್ಲಿ ಅಡ್ಡಾಡಿ, ಉಳಿದ ನೆರೆಹೊರೆಯವರಿಂದ ಮೂರು ನಂಬರು ಸಿಕ್ಕವು. ಇನ್ನೊಂದು ಊರಿನಲ್ಲಿ ಮೊಬೈಲ್ ರೀಚಾರ್ಜ್ ಮಾಡುವ ಅಂಗಡಿಯವ ನಮ್ಮ ಕಷ್ಟ ಕೇಳಿ ತನ್ನ ನೋಟ್‌ಬುಕ್ಕನ್ನೇ ಮುಂದಿಟ್ಟ. ಇಡೀ ಊರಿನ ನಂಬರುಗಳು ಅದರಲ್ಲಿದ್ದವು. ಆವತ್ತು ದೇವರು ಸಿಕ್ಕ ಹಾಗಾಯಿತು. ಯಾರು ಕೇಳಿದರೂ ಅವನು ಹೀಗೇ ತೆಗೆದುಕೊಡುತ್ತಾನೆ ಎಂಬುದು ಹೊಳೆದದ್ದು ಎಷ್ಟೋ ದಿನದ ಮೇಲೆ.

ನಾಲ್ಕನೆಯ ದಿನ ಮೆಹಕರದಲ್ಲಿ ಬಸ್ಸಿಗೆ ಕಾಯುತ್ತ ನಿಲ್ದಾಣದ ನೆರಳಿನಲ್ಲಿ ರೊಟ್ಟಿ ಬಿಚ್ಚಿದೆವು. ಮೌಶಿ ಶೇಂಗಾ ಚಟ್ನಿಪುಡಿಯನ್ನು ನನ್ನ ರೊಟ್ಟಿಗೆ ಸುರಿದರು. ನಾನು ಮುರಿದ ತುತ್ತನ್ನು ಕೈಯಲ್ಲೇ ಹಿಡಿದು, ಪಾರ್ಸೆಲ್ಲಿನ ಮೇಲ್ ತೆರೆದದ್ದನ್ನೂ ಠಾಣೆಯಲ್ಲಿ ಇಲ್ಲ ಅಂದದ್ದನ್ನೂ ಹೇಳಿದೆ.

ಮೌಶಿ ರೊಟ್ಟಿ ಅಗಿಯುತ್ತಲೇ ಕೇಳಿದರು.

"ಏನೋ ಅದ ಅಂತ ತಿಳಿದಿತ್ತವ್ವ. ಬೀದರಕ್ಕ ಹೋಗಿ ಬಂದಾಗಿಂದ ನೀ ಸರಿ ಉಣ್ಣಲಾಕತ್ತಿಲ್ಲ."

"ಸಾಹೇಬ್ರಿಗಿ ಹ್ಯಾಂಗ ಹೇಳ್ಲಿ ಮೌಶಿ?"

ಅವರು ಚೊಂಬಿನ ನೀರು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಾ ಗುಳಿಗಿ ತಗೋತಿದ್ನಲ್ಲ, ಒಂದು ತಿಂಗಳು ಬಿಟ್ಟಿದ್ದೆ. ಸಾಹೇಬ್ರು ಕೇಳಿದ್ರ, ತಗೋಲಾಕತ್ತೀನ್ರಿ ಅಂತಿದ್ದೆ. ಬೈತಾರ ಅಂತ ಅಂಜಿಕಿ. ಕಡಿಗಿ ಒಂದಿನ ರಕ್ತ ಬಿತ್ತು, ಖರೆ ಹೇಳ್ದೆ. ಬೈಲಿಲ್ಲ ನೋಡು. ಹೊಸಾ ಡಬ್ಬಿ ತೆಗೆದು ಕೈಯಾಗ ಕೊಟ್ರು. ಆ ಒಂದು ತಿಂಗಳು ಸುಳ್ಳು ಹೇಳಿದ್ದಕ್ಕ ಎಂಟು ತಿಂಗಳು ಸೂಜಿ, ಗುಳಿಗಿ ಆಯ್ತು." ಇನ್ನೊಂದು ರೊಟ್ಟಿ ನನ್ನ ಮುಂದಿಟ್ಟರು. "ಲಗೂನ ಹೇಳು. ಉಣ್ಣು ಮೊದಲು."

ಆ ಸಂಜೆ ಬಸ್ಸಿಳಿದವಳು ನೇರ ಕಚೇರಿಗೆ ಹೋದೆ. ಡಾಕ್ಟರು ಒಬ್ಬರೇ ಕುಳಿತು ಗುಳಿಗೆಯ ಡಬ್ಬಿಗಳಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಕೆಲಸದಿಂದ ತೆಗೆದರೆ ಮನೆಯಲ್ಲಿ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡಿದ್ದೆ.

ಅವರು ಎದ್ದು ಕಂಪ್ಯೂಟರಿನ ಬಳಿ ಹೋಗಿ, ಪರದೆಯ ಅಂಚಿನ ಪಾಸ್‌ವರ್ಡಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದರು.

"ಈ ಅಕ್ಷರ ಯಾರದು ನೋಡು."

ಅವರದೇ ಆಗಿತ್ತು.

"ಸಾಫ್ಟ್‌ವೇರ್ ತಗೋಬೇಕ್ರಿ ಅಂತ ನೀ ಹೇಳಿದಾಗೆಲ್ಲ ಮುಂದಿನ ತಿಂಗಳು ನೋಡಾಮು ಅಂದವ ನಾ. ಮಂದಿ ರೋಗದ ಸುದ್ದಿ ತಂದು ನಿನ್ನ ಕೈಯಾಗ ಇಟ್ಟೆ, ಹ್ಯಾಂಗ ಕಾಯಬೇಕು ಅಂತ ಒಂದಿನ ಕಲಿಸಲಿಲ್ಲ. ಆ ಮೇಲ್ ಒತ್ತಿದ್ದು ನಿನ್ನೊಬ್ಬಳ ಬೆರಳು ಅಲ್ಲವ್ವ." ಕುರ್ಚಿಯಲ್ಲಿ ಕುಳಿತ ಮೇಲೆ ಹೇಳಿದರು, "ನಾಳಿ ಬೀದರಕ್ಕ ಹೋಗಿ ಖರೆ ಬರೆಸಿ ಬರಾಮು."

ಇನ್‌ಸ್ಪೆಕ್ಟರು ಹೇಳಿಕೆಯನ್ನು ಮತ್ತೆ ಬರೆಸಿಕೊಂಡರು. ಗದರಿಸಲಿಲ್ಲ. ಆ ಮೇಲ್ ಒಂದೇ ನಮಗೆ ಸಿಗುವ ಹೆಜ್ಜೆ ಗುರುತು, ನಾಲ್ಕಾರು ದಿನ ಮೊದಲೇ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದಷ್ಟೇ ಹೇಳಿದರು. ಅದನ್ನು ಅಳಿಸಬೇಡಿ, ಆ ಕಂಪ್ಯೂಟರನ್ನೂ ಮುಟ್ಟಬೇಡಿ ಎಂದು ಹೇಳಿ ಕಳಿಸಿದರು. ಮುಂದೆ ಆ ಗುರುತು ಯಾವುದೋ ಪರದೇಶದವರೆಗೆ ಹೋಗಿ ಅಳಿಸಿಹೋಯಿತಂತೆ. ವರ್ಷದ ನಂತರ ಆರೋಪಿ ಪತ್ತೆಯಾಗಿಲ್ಲ ಎಂಬ 'ಸಿ' ರಿಪೋರ್ಟಿನ ತಿಳಿವಳಿಕೆ ಪತ್ರ ಬಂತು.

ಹೇಳಿಕೆ ತಿದ್ದಿಸಿ ಬಂದು ಮತ್ತೆ ನಾಲ್ಕಾರು ಊರು ತಿರುಗುವಷ್ಟರಲ್ಲಿ ಸೋಮವಾರ ಎರಡು ದಾಟಿ ಹೋಗಿದ್ದವು. ಸಿಕ್ಕ ನಂಬರುಗಳಿಗೆ ಒಂದೊಂದಾಗಿ ಕರೆ ಮಾಡುತ್ತ ಕುಳಿತೆವು. ಹೈದರಾಬಾದಿನ ಆಚೆ ಇಟ್ಟಿಗೆ ಭಟ್ಟಿಯಲ್ಲಿದ್ದ, ಎರಡು ಮಕ್ಕಳ ತಾಯಿಯೊಬ್ಬಳ ನಂಬರು ಆ ರೀಚಾರ್ಜ್ ಅಂಗಡಿಯ ನೋಟ್‌ಬುಕ್ಕಿನಲ್ಲಿ ಅವಳ ಮೈದುನನ ಹೆಸರಿನಲ್ಲಿತ್ತು. ಮೈದುನ ಭಟ್ಟಿಯ ಗದ್ದಲದ ನಡುವೆ ಅವಳನ್ನು ಕೂಗಿ ಕರೆದು ಫೋನ್ ಕೊಟ್ಟ.

"ಗುಳಿಗಿ ಅದಾವೇನವ್ವಾ?" ಎಂದು ಕೇಳಿದೆ.

"ಮುಗದು ಎಂಟು ದಿನ ಆಯ್ತರಿ ಅಕ್ಕೋರೆ."

"ಮತ್ತ ಯಾರಿಗೂ ಹೇಳಲಿಲ್ಲೇನು?"

"ಸೋಮವಾರ ನೀವೇ ಫೋನ್ ಮಾಡ್ತೀರಲ್ರಿ. ಎರಡು ವಾರ ಆಯ್ತು, ಬರಲಿಲ್ಲ, ನಿಮಗ ಆರಾಮ ಇಲ್ಲೇನೋ ಅಂದ್ಕೊಂಡೆ. ಈಗ ಆರಾಮ ಆದಿರೇನ್ರಿ?"

ಡಾಕ್ಟರು ಫೋನ್ ತೆಗೆದುಕೊಂಡು, ಅವಳಿದ್ದ ಜಾಗಕ್ಕೆ ಹತ್ತಿರದ ದವಾಖಾನೆ ಯಾವುದೆಂದು ಮೈದುನನಿಂದ ತಿಳಿದು, ಅಲ್ಲಿಯ ಡಾಕ್ಟರೊಂದಿಗೆ ಮಾತಾಡಿ, ಮರುದಿನವೇ ಗುಳಿಗೆ ಕೊಡಿಸಿದರು. ಮೌಶಿ ಒಂದು ಲೋಟ ಚಹಾ ತಂದು ನನ್ನ ಮುಂದೆ ಇಟ್ಟರು.

ಹೀಗೆ ಒಂದೂವರೆ ತಿಂಗಳಿನಲ್ಲಿ ಐವತ್ತೆಂಟು ಜನ ಸಿಕ್ಕರು. ಉಳಿದ ನಾಲ್ವರಲ್ಲಿ ಮೂವರು ಮುಂಗಾರಿಗೆ ತಾವಾಗಿಯೇ ಊರಿಗೆ ಬಂದರು. ಇನ್ನೊಬ್ಬರು ಎಲ್ಲಿ ಹೋದರೋ ತಿಳಿಯಲೇ ಇಲ್ಲ. ಅವರ ಹೆಸರಿನ ಮುಂದೆ ನಾನು ಏನನ್ನೂ ಬರೆಯಲಿಲ್ಲ, ಸಾಲು ಖಾಲಿ ಬಿಟ್ಟೆ.

ಕಚೇರಿಯ ರೀತಿ ಬದಲಾಯಿತು. ಡಾಕ್ಟರು ಬೇರೊಂದು ಕಂಪ್ಯೂಟರು ತರಿಸಿದರು. ಪೆನ್‌ಡ್ರೈವನ್ನು ಶನಿವಾರಕ್ಕೊಮ್ಮೆ ಮಾತ್ರ ಅದಕ್ಕೆ ಸಿಕ್ಕಿಸಿ, ಆಮೇಲೆ ಡಾಕ್ಟರ ಮನೆಯ ಕಪಾಟಿನಲ್ಲಿ ಇಡುತ್ತಿದ್ದೆವು. ಕಾಗದದ ಪಟ್ಟಿಯೂ ಉಳಿಯಿತು, ಬೀಗದೊಳಗೆ. ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡು ಎಂದಾಗ ಮೌಶಿ ತಮಗೂ ಒಂದು ಬೇಕೆಂದರು. ಟೈಪು ಮಾಡಲು ಬಾರದ ಬೆರಳಿನಿಂದ ಒಂದೊಂದೇ ಗುಂಡಿ ಒತ್ತುವಾಗ ನನಗೆ ಅತ್ತ ತಿರುಗಲು ಹೇಳಿದರು. ಅದೇನಿತ್ತೆಂದು ನನಗೆ ಇಂದಿಗೂ ಗೊತ್ತಿಲ್ಲ.

ಮುಂಗಾರಿಗೆ ಬಂದ ಮೂವರಲ್ಲಿ ಸಾಯಗಾಂವದ ಹಿರಿಯರೊಬ್ಬರು ಎಲುಬಿನ ಗೂಡಾಗಿ ಬಂದಿದ್ದರು. ಎರಡೂವರೆ ತಿಂಗಳಿನಿಂದ ಗುಳಿಗೆ ಇರಲಿಲ್ಲ. ಮತ್ತೆ ಮೊದಲಿನಿಂದ ಶುರು, ಜೊತೆಗೆ ಸೂಜಿ. ಅವರು ಭಾಲ್ಕಿಯಲ್ಲಿ ತಂಗಿಯ ಮನೆಯಲ್ಲಿ ಉಳಿದು, ದವಾಖಾನೆಯಲ್ಲಿ ಸೂಜಿ ಹಾಕಿಸಿಕೊಂಡು ಬಂದು ನಮ್ಮ ಬಾಗಿಲ ಬಳಿಯ ಬೆಂಚಿನ ಮೇಲೆ ದಣಿವಾರಿಸಿಕೊಳ್ಳುತ್ತಿದ್ದರು. ನಾನು ಎದ್ದು ನೀರು ಕೊಡುತ್ತಿದ್ದೆ. ಅವರಿಗೆ ಕರೆ ಬಾರದಿದ್ದದ್ದು ಯಾಕೆಂದು ಒಂದು ದಿನ ಹೇಳಿಬಿಟ್ಟೆ. ನಾನು ತೆರೆದ ಒಂದು ಇ-ಮೇಲ್‌ನಿಂದಲೇ ಹೀಗಾಯಿತು ಎಂದೆ.

ಅವರು ಲೋಟವನ್ನು ಕೆಳಗಿಟ್ಟರು.

"ನೀ ಫೋನ್ ಮಾಡಿದ್ರೂ ನಾ ಎತ್ತತಿದ್ದೆನೋ ಇಲ್ಲೋ, ತಾಯಿ. ಅಲ್ಲಿ ಕೂಲಿ ಮಾಡಿಸೋ ಮುಕಾದಮ್ ಮುಂದ ಗುಳಿಗಿ ಮಾತು ಆಡಲಾಕ ನನಗ ನಾಚಿಕಿ," ಎಂದರು. "ಇರ್ಲಿ. ಈಗ ದಿನಾ ಎದುರಿಗೇ ಕುಂತೀನಲ್ಲ, ಕೇಳು."

ಅವತ್ತಿನಿಂದ ದಿನಾ ಕೇಳಿದೆ. ಗುಳಿಗಿ ಆಯ್ತೇನ್ರಿ ಕಾಕಾ? ಆಯ್ತವ್ವ. ಸೂಜಿ ನಿಂತ ವಾರ ಅವರು ಊರಿಗೆ ಹೋಗಿ ತೂಕ ಹಾಕಿಸಿಕೊಳ್ಳಲು ಮರಳಿ ಬಂದರು. ಆ ವರ್ಷ ಮಳೆ ಪರವಾಗಿಲ್ಲ ಎನ್ನುವಂತೆ ಆಗಿತ್ತು. ತಕ್ಕಡಿಯ ಮೇಲೆ ನಿಂತು, ಮುಳ್ಳು ಓದಲು ಬಾರದೆ, "ಎಷ್ಟಾಯ್ತು?" ಎಂದು ನನ್ನ ಮುಖ ನೋಡಿದರು. ನಾಲ್ಕು ಕೆ.ಜಿ. ಏರಿದ್ದರು. ಕೈಯಲ್ಲಿದ್ದ ಹೆಸರುಕಾಳಿನ ಗಂಟನ್ನು ಇಳಿಸದೆಯೇ ತಕ್ಕಡಿ ಹತ್ತಿದ್ದಾರೆಂದು ಮೌಶಿ ನಗುತ್ತ ತೋರಿಸಿದರು. ಗಂಟು ಇಳಿಸಿ ಮತ್ತೆ ನಿಲ್ಲಿಸಿದೆವು. ಎರಡೂವರೆ.